ಪುರಾವೆಯ ಆಧಾರದ ಮೇಲೆ ನೀತಿ: ರಾಜ್ಯ ಸರ್ಕಾರದ ಕಚೇರಿಗಳಲ್ಲಿ ದುಡಿಯುವವರ ಪಾತ್ರ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಇಂತಹ ಸಭೆಗಳಲ್ಲಿ ಸಾಹಿತ್ಯ, ಸಂಗೀತಗಳ ವಿಚಾರ ಬರುವುದು ವಾಡಿಕೆ. ನಾನು ಆರಿಸಿಕೊಂಡಿರುವ ವಿಷಯ ಅಷ್ಟು ಮನೋಹರವಾದುದಲ್ಲ. ಸರ್ಕಾರ ಕೈಗೊಂಡ ಯೋಜನೆಯು ತಾನು ಉದ್ದೇಶಿಸಿದ ಫಲವನ್ನು ನಿಜವಾಗಿಯೂ ಕೊಟ್ಟಿತೇ ಎಂಬುದನ್ನು ಪರೀಕ್ಷಿಸುವುದೇ ಕೆಲಸವಾಗಿರುವ ಕೆಲವು ಜನರು ಪ್ರತಿಯೊಂದು ರಾಜ್ಯದ ಆಡಳಿತದಲ್ಲಿಯೂ ಇದ್ದಾರೆ. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಅವರ ವರದಿಗಳು ಬಹುಪಾಲು ಕಡತಗಳಲ್ಲಿಯೇ ಉಳಿಯುತ್ತವೆ. ಆದರೂ ಅವರು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡದಿದ್ದರೆ ಸರ್ಕಾರವು ಕಣ್ಣು ಕಟ್ಟಿಕೊಂಡು ನಡೆಯಬೇಕಾಗುತ್ತದೆ. ಅಂಥವರ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಹೊಲದಲ್ಲಿ ಕಲಿತ ಪಾಠ

ನಾನು ಸಾಂಖ್ಯಿಕ ಇಲಾಖೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಆರಂಭಿಸುತ್ತೇನೆ. ಬೆಳೆ ಕಟಾವು ಪ್ರಯೋಗಕ್ಕಾಗಿ ಒಂದು ಹಳ್ಳಿಗೆ ಹೋಗಿದ್ದೆ. ಈ ಪ್ರಯೋಗದ ಕ್ರಮ ಸರಳವಾದುದು. ಯಾವ ಸರ್ವೆ ನಂಬರಿನ ಹೊಲ, ಆ ಹೊಲದಲ್ಲಿ ಯಾವ ಜಾಗ ಎಂಬುದನ್ನು ಮನುಷ್ಯರ ಇಚ್ಛೆಗೆ ಬಿಡದೆ, ಮೊದಲೇ ಕೊಟ್ಟಿರುವ ಸಂಖ್ಯೆಗಳ ಪಟ್ಟಿಯಿಂದ ನಿರ್ಧರಿಸಲಾಗುತ್ತದೆ. ಹೊಲದ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಗಲಕ್ಕೆ ನಡೆದು, ಗೂಟ ನೆಟ್ಟು, ಹಗ್ಗ ಕಟ್ಟಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲದ ತುಂಡನ್ನು ಗುರುತಿಸಬೇಕು. ಅದರಲ್ಲಿರುವ ಬೆಳೆಯನ್ನು ಕೊಯ್ದು, ಒಕ್ಕಿ, ಕಾಳನ್ನು ತೂಗಬೇಕು. ಇಂತಹ ಸಾವಿರಾರು ತುಂಡುಗಳ ತೂಕದಿಂದಲೇ ಜಿಲ್ಲೆಯ ಹಾಗೂ ರಾಜ್ಯದ ಇಳುವರಿಯ ಅಂದಾಜು ಹುಟ್ಟುತ್ತದೆ.

ಅಂದು ಪಟ್ಟಿಯಲ್ಲಿ ಬಂದುದು ಒಂದು ಬಡಕಲು ರಾಗಿಯ ಹೊಲ. ಊರಿನ ಹಿರಿಯರೊಬ್ಬರು ಹತ್ತಿರ ಬಂದು, "ಈ ಹೊಲ ಬೇಡಿ ಸ್ವಾಮಿ, ಇದನ್ನು ಬರೆದುಕೊಂಡರೆ ನಮ್ಮೂರಿಗೇ ಮರ್ಯಾದೆ ಹೋಗುತ್ತೆ. ಪಕ್ಕದ ಹೊಲದಲ್ಲಿ ತೆನೆ ಚೆನ್ನಾಗಿದೆ, ಅಲ್ಲಿ ಅಳೀರಿ" ಎಂದರು. ನನ್ನೊಡನೆ ಬಂದಿದ್ದ ಹಿರಿಯ ಸಹೋದ್ಯೋಗಿಯವರು ನಕ್ಕು, "ಯಜಮಾನರೇ, ನಾವು ಅಳೆಯಲು ಬಂದಿರುವುದು ನಿಮ್ಮೂರಿನ ಮರ್ಯಾದೆಯನ್ನಲ್ಲ, ರಾಗಿಯನ್ನು" ಎಂದು ಹೇಳಿ, ಅದೇ ಹೊಲದಲ್ಲಿ ಗೂಟ ನೆಟ್ಟರು.

ಹಲವು ವರ್ಷಗಳ ತರುವಾಯ ಕಾಲ ಬದಲಾಯಿತು. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಗೆ ಬಂದ ಮೇಲೆ ಈ ಕಟಾವು ಪ್ರಯೋಗದ ಇಳುವರಿಯೇ ಬೆಳೆ ವಿಮೆಯ ಪರಿಹಾರದ ಲೆಕ್ಕಕ್ಕೆ ಮುಖ್ಯ ಆಧಾರವಾಯಿತು. ಇಳುವರಿಯು ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿದರೆ ಆ ಪಂಚಾಯಿತಿಯ ರೈತರಿಗೆ ಪರಿಹಾರ ಬರುತ್ತದೆ. ಈಗ ಕಟಾವಿಗೆ ಬಂದವರಿಗೆ ಕೆಲವೆಡೆ, "ಚೆನ್ನಾಗಿರುವ ಹೊಲ ಬೇಡ, ಒಣಗಿರುವ ಹೊಲದಲ್ಲಿ ಅಳೆಯಿರಿ" ಎಂಬ ಮಾತು ಕೇಳಿಬರುವುದು ಸಹಜವೇ. ಅಂದು ಹೆಚ್ಚು ತೋರಿಸುವ ಆಸೆ, ಇಂದು ಕಡಿಮೆ ತೋರಿಸುವ ಆಸೆ. ಎರಡೂ ಸಂದರ್ಭಗಳಲ್ಲಿ ಸತ್ಯದ ಪಕ್ಷದಲ್ಲಿ ನಿಲ್ಲುವುದು ಆ ಸಂಖ್ಯೆಗಳ ಪಟ್ಟಿ ಮತ್ತು ಅದಕ್ಕೆ ನಿಷ್ಠನಾಗಿರುವ ಒಬ್ಬ ಸಣ್ಣ ನೌಕರ. ಅವನು ಬಗ್ಗಿದರೆ ಒಂದು ಕಡೆ ನಿಜವಾಗಿ ನಷ್ಟವಾದ ರೈತನಿಗೆ ಪರಿಹಾರ ತಪ್ಪುತ್ತದೆ. ಇನ್ನೊಂದು ಕಡೆ ಸಾರ್ವಜನಿಕರ ಹಣ ಸಲ್ಲದವರಿಗೆ ಸಲ್ಲುತ್ತದೆ. ಪುರಾವೆಯ ಆಧಾರದ ಮೇಲೆ ನೀತಿ ರೂಪಿಸುವುದು ಎಂಬ ದೊಡ್ಡ ಮಾತಿನ ತಳಹದಿ ಇರುವುದು ಈ ಗೂಟ ಮತ್ತು ಹಗ್ಗಗಳಲ್ಲಿ ಎಂಬುದನ್ನು ನಾವು ಮರೆಯಬಾರದು.

ಅಳತೆಯ ಪರಂಪರೆ

ಈ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಪ್ರೊಫೆಸರ್ ಪಿ. ಸಿ. ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯ ಮೂಲಕ ಅಂದಾಜು ಮಾಡುವ ಕೆಲಸಕ್ಕೆ ಅವರು ಕೈಹಾಕಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅದೇ ಕಾಲದಲ್ಲಿ ಕೃಷಿ ಸಂಶೋಧನೆಯ ಕ್ಷೇತ್ರದಲ್ಲಿದ್ದ ಡಾ. ಪಿ. ವಿ. ಸುಖಾತ್ಮೆ ಅವರು ಒಂದು ಮುಖ್ಯವಾದ ದೋಷವನ್ನು ಎತ್ತಿ ತೋರಿಸಿದರು. ಕಟಾವಿನ ತುಂಡು ಬಹಳ ಚಿಕ್ಕದಾದರೆ ಇಳುವರಿಯ ಅಂದಾಜು ನಿಜಕ್ಕಿಂತ ಹೆಚ್ಚಾಗುತ್ತದೆ ಎಂಬುದೇ ಅದು. ಇದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ಹಗ್ಗದ ಅಂಚಿನಲ್ಲಿ ನಿಂತಿರುವ ಗಿಡವನ್ನು ಒಳಗೆ ಸೇರಿಸಬೇಕೋ ಹೊರಗೆ ಬಿಡಬೇಕೋ ಎಂಬ ಸಂಶಯ ಬಂದಾಗ ಕೊಯ್ಯುವವನ ಕೈ ತಾನಾಗಿಯೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ತುಂಡು ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು. ಆದುದರಿಂದ ತಪ್ಪೂ ಹೆಚ್ಚು.

ಈ ಉದಾಹರಣೆಯಲ್ಲಿ ಒಂದು ತತ್ತ್ವವಿದೆ. ಒಳ್ಳೆಯ ಮನುಷ್ಯನ ಕೈ ಕೂಡ ತನಗೆ ಅರಿವಿಲ್ಲದಂತೆ ಒಂದು ಕಡೆಗೆ ವಾಲುತ್ತದೆ. ಹೀಗಾಗಿ ವ್ಯಕ್ತಿಯ ಪ್ರಾಮಾಣಿಕತೆಯೊಂದೇ ಸಾಲದು; ಆ ಪ್ರಾಮಾಣಿಕತೆಯನ್ನು ಕಾಯುವ ಕ್ರಮವೂ ಬೇಕು.

ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್‌ನಲ್ಲಿ ಸಮುದಾಯ ವಿಕಾಸ ಕಾರ್ಯಕ್ರಮ ಆರಂಭವಾದಾಗ, ಅದೇ ತಿಂಗಳಲ್ಲಿ ಯೋಜನಾ ಆಯೋಗದ ಆಶ್ರಯದಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯೂ ಹುಟ್ಟಿತು. ಯೋಜನೆ ಮತ್ತು ಅದರ ಪರೀಕ್ಷೆ ಒಟ್ಟಿಗೇ ಇರಬೇಕೆಂಬ ವಿವೇಕ ಅಂದಿನವರಿಗೆ ಇತ್ತು. 2015ರಲ್ಲಿ ನೀತಿ ಆಯೋಗ ಅಸ್ತಿತ್ವಕ್ಕೆ ಬಂದ ಮೇಲೆ ಈ ಹೊಣೆ ಅದರ ಅಭಿವೃದ್ಧಿ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಕಚೇರಿಗೆ ಬಂದಿತು. ರಾಜ್ಯಗಳಲ್ಲಿಯೂ ಇಂತಹ ವ್ಯವಸ್ಥೆಗಳು ಬೆಳೆದಿವೆ. ಕರ್ನಾಟಕದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ರೂಪುಗೊಂಡಿತು. ಯೋಜನೆಯನ್ನು ನಡೆಸುವ ಇಲಾಖೆಯೇ ಅದರ ಗುಣದೋಷಗಳ ತೀರ್ಪುಗಾರನೂ ಆಗಬಾರದು ಎಂಬುದೇ ಇಂತಹ ಪ್ರತ್ಯೇಕ ಸಂಸ್ಥೆಗಳ ಹಿಂದಿರುವ ಆಶಯ.

ಖರ್ಚು ಬೇರೆ, ಫಲ ಬೇರೆ

ಇಂತಹ ಕಚೇರಿಯಲ್ಲಿ ಕೆಲಸ ಮಾಡುವವರು ಮೊದಲು ಕಲಿಯಬೇಕಾದುದು ಖರ್ಚಿಗೂ ಫಲಕ್ಕೂ ಇರುವ ಅಂತರವನ್ನು. ಇಷ್ಟು ಕೋಟಿ ರೂಪಾಯಿ ವೆಚ್ಚವಾಯಿತು, ಇಷ್ಟು ಸಾವಿರ ಜನರಿಗೆ ವಿತರಣೆಯಾಯಿತು ಎಂಬುದು ಪ್ರಗತಿ ವರದಿ. ಅದರಿಂದ ಜನರ ಬಾಳಿನಲ್ಲಿ ಯಾವ ಬದಲಾವಣೆ ಆಯಿತು, ಆ ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಮೌಲ್ಯಮಾಪನ. ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಕಠಿಣ. ಏಕೆಂದರೆ ನಡೆಯದೆ ಹೋದುದನ್ನು ಯಾರೂ ಕಂಡಿರುವುದಿಲ್ಲ. ಆದುದರಿಂದ ಹೋಲಿಕೆ ಬೇಕಾಗುತ್ತದೆ.

ಬಿಹಾರದ ಉದಾಹರಣೆಯನ್ನು ನೋಡೋಣ. ಅಲ್ಲಿ 2006ರಲ್ಲಿ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಅನಂತರ ಶಾಲೆಗೆ ಹೋಗುವ ಹುಡುಗಿಯರ ಸಂಖ್ಯೆ ಹೆಚ್ಚಿತು. ಇದು ಸೈಕಲಿನಿಂದಲೇ ಆಯಿತೆಂದು ಹೇಳಬಹುದೇ? ಆ ವರ್ಷಗಳಲ್ಲಿ ರಸ್ತೆಗಳಾಗಿದ್ದವು, ಆದಾಯ ಬೆಳೆದಿತ್ತು, ಶಾಲೆಗಳೂ ಸುಧಾರಿಸಿದ್ದವು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು ಬಿಹಾರದ ಹುಡುಗಿಯರನ್ನು ಅದೇ ರಾಜ್ಯದ ಹುಡುಗರೊಡನೆಯೂ, ನೆರೆಯ ಝಾರ್ಖಂಡದ ಹುಡುಗ ಹುಡುಗಿಯರೊಡನೆಯೂ ಹೋಲಿಸಿದರು. ರಸ್ತೆ ಆಗಿದ್ದರೆ ಅದು ಹುಡುಗರಿಗೂ ಆಗಿರುತ್ತದಲ್ಲವೇ? ಹೀಗೆ ಇತರ ಕಾರಣಗಳನ್ನು ಒಂದೊಂದಾಗಿ ಕಳೆದ ಮೇಲೆಯೂ, ಯೋಜನೆಯಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತೆಂದೂ, ಹುಡುಗ ಹುಡುಗಿಯರ ನಡುವಣ ಅಂತರ ಶೇಕಡಾ 40ರಷ್ಟು ತಗ್ಗಿತೆಂದೂ ಕಂಡುಬಂದಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಈ ಫಲ ಹೆಚ್ಚಾಗಿದ್ದುದು ಸೈಕಲಿನ ಪಾತ್ರಕ್ಕೆ ಮತ್ತೊಂದು ಸಾಕ್ಷಿಯಾಯಿತು.

ಪರೀಕ್ಷಕರನ್ನೇ ಪರೀಕ್ಷಿಸಿದ ಗುಜರಾತ್

ಕೆಲವು ವೇಳೆ ಹೋಲಿಕೆಗೆ ಬೇಕಾದ ಸ್ಥಿತಿಯನ್ನು ಸರ್ಕಾರಿ ಸಂಸ್ಥೆಯೇ ಮುಂದಾಗಿ ಒದಗಿಸುತ್ತದೆ. ಇದಕ್ಕೆ ಒಂದು ಉತ್ತಮ ನಿದರ್ಶನ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯದು. ಅಲ್ಲಿ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 1996ರಿಂದ, ಹೆಚ್ಚು ಮಾಲಿನ್ಯದ ಸಂಭವವುಳ್ಳ ಕಾರ್ಖಾನೆಗಳು ಹೊರಗಿನ ಪರೀಕ್ಷಕರಿಂದ ವರ್ಷಕ್ಕೊಮ್ಮೆ ಪರಿಸರ ತಪಾಸಣೆ ಮಾಡಿಸಿಕೊಳ್ಳಬೇಕಾಗಿತ್ತು. ಕಾಗದದ ಮೇಲೆ ಇದು ಒಳ್ಳೆಯ ನಿಯಮ. ಆದರೆ ಪರೀಕ್ಷಕನನ್ನು ಆರಿಸುವವನೂ, ಅವನಿಗೆ ಹಣ ಕೊಡುವವನೂ ಕಾರ್ಖಾನೆಯ ಮಾಲೀಕನೇ. ನಿಜ ಬರೆದ ಪರೀಕ್ಷಕನಿಗೆ ಮರುವರ್ಷ ಕೆಲಸ ಸಿಗುವ ಭರವಸೆ ಇರಲಿಲ್ಲ.

ಮಂಡಳಿಯ ಅಧಿಕಾರಿಗಳು ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೊಲಸ್ ರಯಾನ್ ಎಂಬ ಸಂಶೋಧಕರೊಡನೆ ಸೇರಿ 473 ಕಾರ್ಖಾನೆಗಳಲ್ಲಿ ಎರಡು ವರ್ಷಗಳ ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಕಾರ್ಖಾನೆಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನಲ್ಲಿ ಹಳೆಯ ಪದ್ಧತಿ ಮುಂದುವರಿಯಿತು. ಇನ್ನೊಂದರಲ್ಲಿ ಪರೀಕ್ಷಕನನ್ನು ಮಂಡಳಿಯ ಕಡೆಯಿಂದಲೇ ಚೀಟಿಯ ಮೂಲಕ ಗೊತ್ತುಮಾಡಿ, ಸಾಮಾನ್ಯ ನಿಧಿಯಿಂದ ನಿಗದಿಯಾದ ಶುಲ್ಕ ಕೊಟ್ಟು, ಅವನ ಅಳತೆಗಳಲ್ಲಿ ಕೆಲವನ್ನು ಬೇರೆಯವರಿಂದ ಮತ್ತೆ ಅಳೆಯಿಸಲಾಯಿತು.

ಹಳೆಯ ಪದ್ಧತಿಯ ಪರೀಕ್ಷಕರ ಪ್ರಕಾರ ಹೊಗೆಯಲ್ಲಿನ ಕಣಗಳ ಮಿತಿಯನ್ನು ಮೀರಿದ್ದ ಕಾರ್ಖಾನೆಗಳು ಶೇಕಡಾ 7 ಮಾತ್ರ. ಮರು ಅಳತೆಯಲ್ಲಿ ಕಂಡ ನಿಜವಾದ ಪ್ರಮಾಣ ಶೇಕಡಾ 59. ಹೊಸ ಪದ್ಧತಿಯಲ್ಲಿ ಮಿತಿಯೊಳಗಿದೆಯೆಂದು ಸುಳ್ಳು ವರದಿ ಮಾಡುವ ಪ್ರವೃತ್ತಿ ಶೇಕಡಾ 80ರಷ್ಟು ಕುಗ್ಗಿತು. ಅಷ್ಟೇ ಅಲ್ಲದೆ, ಆ ಕಾರ್ಖಾನೆಗಳು ಉಗುಳುವ ಮಾಲಿನ್ಯವೂ ಕಡಿಮೆಯಾಯಿತು. 2015ರಲ್ಲಿ ಮಂಡಳಿಯು ತನ್ನ ನಿಯಮಗಳನ್ನು ಬದಲಿಸಿ, ಪರೀಕ್ಷಕರನ್ನು ಚೀಟಿಯ ರೀತಿಯಲ್ಲಿ ನಿಯೋಜಿಸುವ ಪದ್ಧತಿಯನ್ನು ಜಾರಿಗೆ ತಂದಿತು.

ಇಲ್ಲಿ ಗಮನಿಸಬೇಕಾದುದು ಸಂಶೋಧಕರ ಜಾಣ್ಮೆಯನ್ನು ಮಾತ್ರವಲ್ಲ. ತಮ್ಮದೇ ವ್ಯವಸ್ಥೆಯಲ್ಲಿ ಬರುತ್ತಿರುವ ವರದಿಗಳು ಸುಳ್ಳಾಗಿರಬಹುದು ಎಂದು ಒಪ್ಪಿ, ಅದನ್ನು ಪರೀಕ್ಷಿಸಲು ಬಾಗಿಲು ತೆರೆದ ಅಧಿಕಾರಿಗಳ ಧೈರ್ಯವೂ ದೊಡ್ಡದು. ಪುರಾವೆಯ ಕೆಲಸದಲ್ಲಿ ಅತ್ಯಂತ ವಿರಳವಾದ ಗುಣ ಇದೇ.

ತಮಿಳುನಾಡಿನ ಅಂಗನವಾಡಿ, ಕರ್ನಾಟಕದ ಆರೋಗ್ಯ ಕೇಂದ್ರ

ಚೆನ್ನೈನಲ್ಲಿರುವ ಕನ್ನಡಿಗರಿಗೆ ತಮಿಳುನಾಡಿನ ಅಂಗನವಾಡಿಗಳ ಪರಿಚಯವಿದ್ದೇ ಇರುತ್ತದೆ. 2014ರಲ್ಲಿ ಆ ರಾಜ್ಯ ಸರ್ಕಾರವು, ಬಡತನ ನಿವಾರಣೆಯ ಕಾರ್ಯಕ್ರಮಗಳನ್ನು ಪರೀಕ್ಷಿಸುವ ಜೆ-ಪಾಲ್ ಎಂಬ ಸಂಶೋಧನಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಅಂಗನವಾಡಿಯ ಒಬ್ಬಳೇ ಕಾರ್ಯಕರ್ತೆ ಮಕ್ಕಳಿಗೆ ಪಾಠ ಹೇಳಬೇಕು, ತೂಕ ನೋಡಬೇಕು, ಮನೆ ಮನೆಗೆ ಹೋಗಬೇಕು, ದಾಖಲೆ ಪುಸ್ತಕಗಳನ್ನೂ ತುಂಬಬೇಕು. ಇವೆಲ್ಲವೂ ಅವಳೊಬ್ಬಳಿಂದ ಆಗುವ ಕೆಲಸವೇ ಎಂಬುದು ಪ್ರಶ್ನೆ. ನಾಲ್ಕು ಜಿಲ್ಲೆಗಳ 320 ಅಂಗನವಾಡಿಗಳನ್ನು ಆರಿಸಿ, ಚೀಟಿಯ ಮೂಲಕ ಅವುಗಳಲ್ಲಿ ಅರ್ಧದಷ್ಟಕ್ಕೆ, ಮಕ್ಕಳ ಕಲಿಕೆಯನ್ನು ನೋಡಿಕೊಳ್ಳಲು ಅರ್ಧ ದಿನದ ಸಹಾಯಕಿಯೊಬ್ಬಳನ್ನು ಕೊಡಲಾಯಿತು. ಸುಮಾರು ಒಂದೂವರೆ ವರ್ಷದ ನಂತರ ನೋಡಿದಾಗ ಮಕ್ಕಳಿಗೆ ಪಾಠ ಹೇಳುವ ಸಮಯ ಎರಡರಷ್ಟಾಗಿತ್ತು. ಮಕ್ಕಳ ಕಲಿಕೆ ಸುಧಾರಿಸಿತ್ತು. ಮೊದಲಿನ ಕಾರ್ಯಕರ್ತೆಗೆ ಬಿಡುವು ದೊರೆತು ಅವಳು ಪೌಷ್ಟಿಕತೆಯ ಕಡೆಗೆ ಹೆಚ್ಚು ಗಮನ ಕೊಟ್ಟುದರಿಂದ, ಬೆಳವಣಿಗೆ ಕುಂಠಿತವಾದ ಮತ್ತು ತೀವ್ರ ಅಪೌಷ್ಟಿಕತೆಗೆ ಒಳಗಾದ ಮಕ್ಕಳ ಪ್ರಮಾಣವೂ ಇಳಿದಿತ್ತು. ಕಾರ್ಯಕರ್ತೆಯರ ಸೋಮಾರಿತನವೇ ದೋಷವೆಂದು ಸುಲಭವಾಗಿ ಹೇಳಿಬಿಡಬಹುದಾಗಿದ್ದ ಕಡೆ, ದೋಷವಿದ್ದುದು ಕೆಲಸದ ಹೊರೆಯಲ್ಲಿ ಎಂದು ಈ ಪರೀಕ್ಷೆ ತೋರಿಸಿಕೊಟ್ಟಿತು.

ಎಲ್ಲ ಪರೀಕ್ಷೆಗಳೂ ಇಂತಹ ಶುಭವಾರ್ತೆಯನ್ನೇ ತರುವುದಿಲ್ಲ. ಕರ್ನಾಟಕದಲ್ಲಿ 2010ರ ಸುಮಾರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಹಾಜರಾತಿಗಾಗಿ ಬೆರಳಚ್ಚಿನ ಯಂತ್ರಗಳನ್ನು ಇಡುವ ಪ್ರಯೋಗ ನಡೆಯಿತು. ಐದು ಜಿಲ್ಲೆಗಳ ಮುನ್ನೂರಕ್ಕೂ ಹೆಚ್ಚು ಕೇಂದ್ರಗಳನ್ನು ಒಳಗೊಂಡ ಈ ಪ್ರಯೋಗವನ್ನು ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಅವರು ಅಧ್ಯಯನ ಮಾಡಿದರು. ದಾದಿಯರು, ಔಷಧ ವಿತರಕರು ಮೊದಲಾದವರ ಹಾಜರಾತಿ ಹೆಚ್ಚಿತು. ಕಡಿಮೆ ತೂಕದ ಶಿಶುಗಳ ಜನನ ತಗ್ಗಿತು. ಆದರೆ ವೈದ್ಯರ ಹಾಜರಾತಿಯಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಆಗಲಿಲ್ಲ. ಸಿಬ್ಬಂದಿಯಲ್ಲಿ ಅಸಮಾಧಾನವೂ ಬೆಳೆಯಿತು. ಗೈರುಹಾಜರಾದವರ ರಜೆ ಕಡಿತ ಮಾಡುವಂತಹ ಕ್ರಮಗಳನ್ನು ಪೂರ್ಣವಾಗಿ ಜಾರಿಗೆ ತರುವುದು ಕಷ್ಟವಾಯಿತು. ಹಳ್ಳಿಗೆ ವೈದ್ಯರು ಬರುವುದೇ ಅಪರೂಪವಾಗಿರುವಾಗ, ಬಂದವರನ್ನು ಬಿಗಿ ಮಾಡಿದರೆ ಅವರೂ ಹೊರಟುಹೋದಾರೆಂಬ ಅಂಜಿಕೆ ಆಡಳಿತಕ್ಕೆ ಇರುವುದು ಸಹಜ. ಯಂತ್ರವು ಗೈರುಹಾಜರಿಯನ್ನು ತೋರಿಸಬಲ್ಲದು. ಅದಕ್ಕೆ ಪರಿಹಾರ ಕಾಣುವ ಕೆಲಸ ಮನುಷ್ಯರದೇ.

ಇದನ್ನು ಸೋಲು ಎನ್ನೋಣವೇ? ನಾನು ಹಾಗೆ ತಿಳಿಯುವುದಿಲ್ಲ. ಯಾವುದು ಎಷ್ಟರಮಟ್ಟಿಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ತಿಳಿದರೆ ಮುಂದಿನ ಹೆಜ್ಜೆಗೆ ದಾರಿಯಾಗುತ್ತದೆ. ತಿಳಿಯದೆ ಇಡೀ ರಾಜ್ಯಕ್ಕೆ ವಿಸ್ತರಿಸಿದ್ದರೆ ಅದೇ ದೊಡ್ಡ ನಷ್ಟ.

ಮಿತಿಗಳು

ಈ ಮಾರ್ಗಕ್ಕೆ ತನ್ನದೇ ಆದ ಮಿತಿಗಳಿವೆ. ಒಂದು ರಾಜ್ಯದಲ್ಲಿ ಫಲಿಸಿದುದು ಇನ್ನೊಂದರಲ್ಲಿ ಫಲಿಸಲೇಬೇಕೆಂದಿಲ್ಲ. ಮಲೆನಾಡಿನ ಬೀಜ ಬಯಲುಸೀಮೆಯಲ್ಲಿ ಮೊಳೆಯಬೇಕೆಂಬ ನಿಯಮವಿದೆಯೇ? ಅಧ್ಯಯನದ ವರದಿ ಕೈಸೇರುವ ವೇಳೆಗೆ ಆಯವ್ಯಯ ಮಂಡನೆ ಮುಗಿದು, ಕೇಳಿದ ಅಧಿಕಾರಿಗೆ ವರ್ಗವಾಗಿರುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಅಳೆಯಲು ಬಾರದುದೆಲ್ಲ ನಿರರ್ಥಕವೆಂದು ತಿಳಿಯಬಾರದು. ಅಂಗವಿಕಲ ಮಗುವಿಗೆ ಶಾಲೆಯ ಬಾಗಿಲು ತೆರೆಯುವುದಕ್ಕೆ ಲಾಭನಷ್ಟದ ಪಟ್ಟಿ ಬೇಕಾಗಿಲ್ಲ. ಅದು ಆ ಮಗುವಿನ ಹಕ್ಕು. ಯಾವ ಗುರಿಯನ್ನು ಮುಟ್ಟಬೇಕೆಂಬುದನ್ನು ಜನರು ಮತ್ತು ಅವರ ಪ್ರತಿನಿಧಿಗಳು ನಿರ್ಧರಿಸಬೇಕು. ಆ ಗುರಿಗೆ ಹಿಡಿದ ದಾರಿ ಸರಿಯೇ ಎಂಬುದನ್ನು ಪುರಾವೆ ಹೇಳಬಲ್ಲದು.

ಇನ್ನೊಂದು ಅಪಾಯ ಕಚೇರಿಯ ಒಳಗೇ ಇದೆ. ಗುರಿ ಮುಟ್ಟಿಲ್ಲವೆಂದು ಬರೆದ ಕಿರಿಯ ನೌಕರನಿಗೆ ಮೇಲಿನವರಿಂದ ವಿವರಣೆ ಕೇಳುವ ಪತ್ರ ಬಂದು, ಮುಟ್ಟಿದೆಯೆಂದು ಸುಳ್ಳು ಬರೆದವನಿಗೆ ಮೆಚ್ಚುಗೆ ಬಂದರೆ, ಮರುತಿಂಗಳಿನಿಂದ ಆ ಕಚೇರಿಯಲ್ಲಿ ಎಲ್ಲ ಗುರಿಗಳೂ ತಪ್ಪದೆ ಮುಟ್ಟಲ್ಪಡುತ್ತವೆ! ಅಹಿತವಾದ ಅಂಕಿಯನ್ನು ತಂದವನನ್ನು ಕಾಪಾಡುವುದು ಹಿರಿಯ ಅಧಿಕಾರಿಯ ಮೊದಲ ಕರ್ತವ್ಯ. ಈ ಅಭಯವಿಲ್ಲದ ಕಡೆ ಎಷ್ಟು ಗಣಕಯಂತ್ರಗಳನ್ನಿಟ್ಟರೂ ಸುಳ್ಳು ಬೇಗ ಬೇಗ ಮೇಲಕ್ಕೆ ಹೋಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಇದೆಲ್ಲದರಲ್ಲಿ ಸಾಮಾನ್ಯ ಜನರ ಪಾತ್ರವೇನು ಎಂದು ತಾವು ಕೇಳಬಹುದು. ಮುಂಬಯಿಯಲ್ಲಿರಲಿ, ಪುಣೆಯಲ್ಲಿರಲಿ, ಹೈದರಾಬಾದ್ ಅಥವಾ ದೆಹಲಿಯಲ್ಲಿರಲಿ, ಸಮೀಕ್ಷೆಯವರು ಒಂದಲ್ಲ ಒಂದು ದಿನ ನಮ್ಮ ಬಾಗಿಲಿಗೆ ಬರುತ್ತಾರೆ. ಬಿಸಿಲಿನಲ್ಲಿ ಮಹಡಿಗಳನ್ನು ಹತ್ತಿ ಬಂದವರಿಗೆ, ಸಮಯವಿಲ್ಲ ಎಂದು ಬಾಗಿಲು ಹಾಕುವುದೋ, ತೋಚಿದ ಉತ್ತರ ಕೊಟ್ಟು ಕಳುಹಿಸುವುದೋ ನಮ್ಮಲ್ಲಿ ಅನೇಕರ ಅಭ್ಯಾಸ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ದೇಶದಲ್ಲಿ ಸುಮಾರು 4 ಕೋಟಿ 37 ಲಕ್ಷ. ಹೊರನಾಡಿನಲ್ಲಿ ನೆಲೆಸಿದ ಕುಟುಂಬವೊಂದು ಗಣತಿದಾರರಿಗೆ ಅವಸರದಲ್ಲಿ ಬೇರೆ ಭಾಷೆಯ ಹೆಸರು ಹೇಳಿದ್ದರೆ, ಆ ಕುಟುಂಬದ ಕನ್ನಡ ಈ ಲೆಕ್ಕದಲ್ಲಿ ಇಲ್ಲ. ತಮ್ಮ ಮಕ್ಕಳಿಗೆ ಕನ್ನಡ ಶಾಲೆ ಬೇಕು, ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಬೇಕು ಎಂದು ಮುಂದೆ ಅರ್ಜಿ ಕೊಡುವಾಗ, ಎಷ್ಟು ಜನರಿದ್ದೀರಿ ಎಂಬ ಪ್ರಶ್ನೆಗೆ ಇಂತಹ ಲೆಕ್ಕವೇ ಉತ್ತರವಾಗಬೇಕು.

ಎರಡನೆಯದಾಗಿ, ನಾವು ಕೇಳುವ ಪ್ರಶ್ನೆ ಬದಲಾಗಬೇಕು. ಯಾವುದೇ ಯೋಜನೆಯ ಬಗ್ಗೆ, ಎಷ್ಟು ಹಣ ಬಿಡುಗಡೆಯಾಯಿತು ಎಂದು ಕೇಳಿ ಸುಮ್ಮನಾಗಬಾರದು. ಅದರಿಂದ ಏನು ಆಯಿತು, ಅದನ್ನು ಯಾರು ಅಳೆದರು, ಅಳೆದವರಿಗೆ ಹಣ ಕೊಟ್ಟವರು ಯಾರು, ಯಾವುದರೊಡನೆ ಹೋಲಿಸಿ ನೋಡಿದರು ಎಂದು ಕೇಳಬೇಕು. ಪ್ರಜೆಗಳು ಇಂತಹ ಪ್ರಶ್ನೆಗಳನ್ನು ಕೇಳುವ ರಾಜ್ಯದಲ್ಲಿ, ನಿಜ ಬರೆಯಬೇಕೆಂಬ ನೌಕರನಿಗೆ ಬೆಂಬಲ ದೊರೆಯುತ್ತದೆ.

ಆರಂಭದಲ್ಲಿ ಹೇಳಿದ ರಾಗಿಯ ಹೊಲಕ್ಕೆ ಮರಳಿ ಒಂದು ಮಾತು ಹೇಳಿ ಮುಗಿಸುತ್ತೇನೆ. ಅಂದು ತೂಕ ಮುಗಿದ ಮೇಲೆ ಆ ಊರಿನ ಹಿರಿಯರು ತಕ್ಕಡಿಯನ್ನೇ ನೋಡುತ್ತ, "ಇಷ್ಟೇ ಬಂತೇ ಸ್ವಾಮಿ?" ಎಂದು ಕೇಳಿದರು. ನನ್ನ ಸಹೋದ್ಯೋಗಿಯವರು, "ಇಷ್ಟೇ ಬಂದಿದೆ ಯಜಮಾನರೇ, ಇಷ್ಟೇ ಬರೆಯುತ್ತೇನೆ. ನಿಮ್ಮೂರಿನಲ್ಲಿ ರಾಗಿ ಬೆಳೆದಿಲ್ಲವೆಂದು ಸರ್ಕಾರಕ್ಕೆ ತಿಳಿಯಬೇಡವೇ?" ಎಂದರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರಿಯಾಗಿ ಬರೆಯಿರಿ" ಎಂದರು.

ಸರಿಯಾಗಿ ಬರೆಯುವ ಆ ಕೈಗಳಿಗೆ ನಮ್ಮೆಲ್ಲರ ಬೆಂಬಲವಿರಲಿ.